ಪೌರನೀತಿ ಹೇಳಿಕೊಟ್ಟ ಎಲ್ಲರಿಗೂ

2025ರ ಅಕ್ಟೋಬರ್‌ನಲ್ಲಿ ಡೆಟ್ರಾಯಿಟ್‌ನಲ್ಲಿ ಬಲಗೈ ಎತ್ತಿ ಪ್ರಮಾಣ ಮಾಡಿ ಅಮೆರಿಕದ ಪ್ರಜೆಯಾದೆ. ಮಿಷಿಗನ್‌ಗೆ ಬಂದು 17 ವರ್ಷ ಆಗಿತ್ತು. ಅವತ್ತು ಸಂಜೆ ತುಂಬಾ ಜನ ಫೋನ್ ಮಾಡಿದರು, ಸಿಹಿ ತಂದರು. ಯಾರಿಗೂ ಸರಿಯಾಗಿ ಥ್ಯಾಂಕ್ಸ್ ಹೇಳಲಿಲ್ಲ, ಗಂಟಲು ಕಟ್ಟಿತ್ತು. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ನಮ್ಮ ಮನೆಯವರು 2014ರಲ್ಲೇ ಪ್ರಜೆಯಾದರು. ಅವತ್ತಿಂದ ಪ್ರತಿ ಚುನಾವಣೆಗೂ ನಾನು ಜೊತೆಗೆ ಹೋಗುತ್ತಿದ್ದೆ, ಮತಗಟ್ಟೆ ಇದ್ದ ಶಾಲೆಯ ಬಾಗಿಲವರೆಗೆ. ಇವರು ಒಳಗೆ, ನಾನು ಹೊರಗೆ ಕಾರಿನಲ್ಲಿ. 2016, 2020, 2024, ಮೂರು ಅಧ್ಯಕ್ಷರ ಚುನಾವಣೆಯೂ ಹಾಗೇ ಕಳೆಯಿತು. ನನ್ನ ಪೌರತ್ವಕ್ಕೂ ಅರ್ಜಿ ಹಾಕೋಣ, ಪರೀಕ್ಷೆ ಕೊಡು ಅಂದಾಗಲೆಲ್ಲ "ನನ್ನ ಇಂಗ್ಲಿಷ್ ಸಾಲದು, ಬಿಡಿ" ಅನ್ನುತ್ತಿದ್ದೆ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದ್ದು, ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ.

ಮೊದಲ ಥ್ಯಾಂಕ್ಸ್ ನನ್ನ ಸೊಸೆಗೆ. ಒಂದು ದಿನ ರಾತ್ರಿ ಪಾತ್ರೆ ತೊಳೆಯುವಾಗ ಅವಳು ಬಂದು ಹೇಳಿದಳು, "ಅತ್ತೆ, ನೀವು ಪರೀಕ್ಷೆ ಕನ್ನಡದಲ್ಲೇ ಕೊಡಬಹುದು." ನಾನು ನಂಬಲಿಲ್ಲ. ನಿಯಮ ನಿಜವಾಗಿಯೂ ಹಾಗಿದೆ. 55 ವರ್ಷ ದಾಟಿ, ಗ್ರೀನ್ ಕಾರ್ಡ್ ಸಿಕ್ಕಿ 15 ವರ್ಷ ಇಲ್ಲೇ ಇದ್ದವರಿಗೆ ಇಂಗ್ಲಿಷ್ ಪರೀಕ್ಷೆ ಇಲ್ಲ. 50 ದಾಟಿ 20 ವರ್ಷ ಆದವರಿಗೂ ಇಲ್ಲ. ಪೌರನೀತಿ ಪ್ರಶ್ನೆಗೆ ಮಾತ್ರ ಉತ್ತರ ಕೊಡಬೇಕು, ಅದನ್ನು ತಮ್ಮ ಭಾಷೆಯಲ್ಲೇ ಕೊಡಬಹುದು. ದುಭಾಷಿಯನ್ನು ನಾವೇ ಕರೆದುಕೊಂಡು ಹೋಗಬೇಕು, ಅಷ್ಟೇ. ನನ್ನ ಹಾಗೆ ಸುಮ್ನೆ ಹೆದರಿ ಕೂತ ಅಮ್ಮಂದಿರು, ಅಕ್ಕಂದಿರು ಎಷ್ಟು ಜನ ಇದ್ದಾರೋ. ದಯವಿಟ್ಟು ಈ ವಿಷಯ ಅವರಿಗೆ ಹೇಳಿ.

ಸೊಸೆ ಉದ್ದ ಗೆರೆಯ ನೋಟ್‌ಬುಕ್ ತಂದು ಪರೀಕ್ಷೆಗೆ ಓದಬೇಕಿದ್ದ ನೂರು ಪ್ರಶ್ನೆಗಳನ್ನೂ ಕನ್ನಡದಲ್ಲಿ ಬರೆದಳು. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಕೆಲಸದಿಂದ ಬಂದು, ಮಗು ಮಲಗಿದ ಮೇಲೆ, ದಿನಕ್ಕೆ ನಾಲ್ಕೋ ಐದೋ. ಆ ಪುಸ್ತಕದ ತುಂಬಾ ಈಗ ಅರಿಶಿನದ ಕಲೆ, ಯಾಕೆಂದರೆ ನಾನು ಓದಿದ್ದೆಲ್ಲ ಒಲೆ ಮುಂದೆ ನಿಂತೇ.

ಆದರೂ ಜುಲೈನಲ್ಲಿ ಮೊದಲ ಸಲ ಹೋದಾಗ ಫೇಲಾದೆ. ಆಗ ಹತ್ತು ಪ್ರಶ್ನೆ ಕೇಳುತ್ತಿದ್ದರು, ಆರು ಸರಿ ಇರಬೇಕಿತ್ತು. ನನ್ನದು ಐದು.

ಅವತ್ತು ದುಡ್ಡು ಕೊಟ್ಟು ಒಬ್ಬ ದುಭಾಷಿಯನ್ನು ಗೊತ್ತು ಮಾಡಿದ್ದೆವು. ಅವರಿಗೆ ಮನೆಮಾತಿನ ಕನ್ನಡ ಬರುತ್ತಿತ್ತು, ಓದು ಪೂರ್ತಿ ಇಂಗ್ಲಿಷ್‌ನಲ್ಲಿ. ಅಧಿಕಾರಿ ಕೇಳಿದ್ದು, ಈ ದೇಶದ ಸರ್ವೋಚ್ಚ ಕಾನೂನು, ಇಂಗ್ಲಿಷ್‌ನಲ್ಲಿ "ಸುಪ್ರೀಂ ಲಾ ಆಫ್ ದ ಲ್ಯಾಂಡ್", ಯಾವುದು ಅಂತ. ದುಭಾಷಿ ನನಗೆ ಹೇಳಿದ್ದು, "ಜಮೀನಿನ ಅತಿ ದೊಡ್ಡ ಕಾನೂನು ಯಾವುದು?" ಅಂತ. ನಮ್ಮಪ್ಪ ಗೇಣಿ ಮಾಡುತ್ತಿದ್ದವರು. 1974ರಲ್ಲಿ ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣೆ ಬಂದಾಗ ಫಾರಂ ನಂಬರ್ 7ರಲ್ಲಿ ಅರ್ಜಿ ಕೊಟ್ಟು, ನ್ಯಾಯಮಂಡಳಿಗೆ ಅಲೆದಾಡಿ, ಉಳುತ್ತಿದ್ದ ಹೊಲ ತಮ್ಮ ಹೆಸರಿಗೆ ಮಾಡಿಸಿಕೊಂಡರು. ಜಮೀನಿನ ಕಾನೂನು ಅಂದರೆ ನನಗೆ ಬೇರೆ ಯಾವುದು ಹೊಳೆಯುತ್ತದೆ? "ಉಳುವವನೇ ಹೊಲದೊಡೆಯ" ಅಂದೆ. ಸಂವಿಧಾನ ಅನ್ನುವ ಉತ್ತರ ನೋಟ್‌ಬುಕ್ಕಿನ ಮೊದಲ ಪುಟದ ಮೊದಲ ಸಾಲಿನಲ್ಲೇ ಇತ್ತು.

ಇನ್ನೊಂದು ಪ್ರಶ್ನೆಯಲ್ಲಿ ಅವರು "ಸರ್ಕಾರದ ಬ್ರಾಂಚ್" ಅಂದರು. ಬ್ರಾಂಚ್ ಅಂದ ತಕ್ಷಣ ನನ್ನ ತಲೆಗೆ ಬಂದಿದ್ದು ಬ್ಯಾಂಕು, ಪೋಸ್ಟಾಫೀಸು. ಉಳಿದ ಮೂರು ತಪ್ಪು ನನ್ನವೇ. ಒಂದರಲ್ಲಂತೂ ಸಂವಿಧಾನಕ್ಕೆ ಎಷ್ಟು ತಿದ್ದುಪಡಿ ಅಂದರೆ 27 ಅನ್ನುವ ಬದಲು 26 ಅಂದುಬಿಟ್ಟೆ. ಮನೆಗೆ ಬರುವ ದಾರಿಯಲ್ಲಿ ಯಾರೂ ಮಾತಾಡಲಿಲ್ಲ. ಇವರು ಕಾರು ನಿಲ್ಲಿಸಿ ಕಾಫಿ ತಂದುಕೊಟ್ಟರು. "ಎರಡು ಮೂರು ತಿಂಗಳಲ್ಲಿ ಮತ್ತೆ ಕರೆಯುತ್ತಾರೆ. ಅಷ್ಟರಲ್ಲಿ ಅರ್ಥ ಮಾಡಿಕೊಂಡು ಓದು, ಬಾಯಿಪಾಠ ಬೇಡ" ಅಂದರು. ಆ ಮಾತಿಗೆ ಇವರಿಗೂ ಥ್ಯಾಂಕ್ಸ್.

ಅರ್ಥ ಮಾಡಿಸಿದವರು ನಮ್ಮೂರಿನ ಲೈಬ್ರರಿಯಲ್ಲಿ ಪುಕ್ಕಟೆ ಪಾಠ ಹೇಳುವ ಟೀಚರಮ್ಮ. ಶಾಲೆಯಿಂದ ನಿವೃತ್ತರಾದ ಅಮೆರಿಕನ್ ಹೆಂಗಸು. ನಮ್ಮ ಗುಂಪಿನಲ್ಲಿ ಒಂಬತ್ತು ಜನ, ಬೇರೆ ಬೇರೆ ದೇಶದವರು. ಸೊಸೆಯೋ ಮಗಳೋ ಪಕ್ಕದಲ್ಲಿ ಕೂತು ನನಗೆ ಕನ್ನಡದಲ್ಲಿ ಪಿಸುಗುಡುತ್ತಿದ್ದರು. ಒಂದು ದಿನ ಟೀಚರಮ್ಮ ಎರಡು ಮೂಲೆಯಲ್ಲಿ ಎರಡೆರಡು ಕುರ್ಚಿ ಇಟ್ಟರು. ಎಂಟು ಜನರನ್ನು ಒಂದು ಮೂಲೆಗೆ ಕಳಿಸಿ "ನೀವು ಕ್ಯಾಲಿಫೋರ್ನಿಯ" ಅಂದರು. ನನ್ನೊಬ್ಬಳನ್ನೇ ಇನ್ನೊಂದು ಮೂಲೆಯಲ್ಲಿ ನಿಲ್ಲಿಸಿ "ನೀವು ವಯೋಮಿಂಗ್." ಅಲ್ಲಿ ಎಂಟು ಜನಕ್ಕೆ ಎರಡು ಕುರ್ಚಿ, ಇಲ್ಲಿ ನನ್ನೊಬ್ಬಳಿಗೂ ಎರಡು. ಕ್ಯಾಲಿಫೋರ್ನಿಯದಲ್ಲಿ ಸುಮಾರು 3.9 ಕೋಟಿ ಜನ, ವಯೋಮಿಂಗ್‌ನಲ್ಲಿ 6 ಲಕ್ಷವೂ ಇಲ್ಲ. ಇಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಇಬ್ಬರಿಗೂ ಎರಡೇ ಸ್ಥಾನ. 50 ರಾಜ್ಯ, 100 ಸೆನೆಟರ್.

ನನಗೆ ಇದು ವಿಚಿತ್ರ ಅನಿಸಿತು. ನಮ್ಮ ರಾಜ್ಯಸಭೆಯಲ್ಲಿ ಕರ್ನಾಟಕಕ್ಕೆ 12, ಸಿಕ್ಕಿಂಗೆ 1, ಜನ ನೋಡಿಯೇ ಸ್ಥಾನ. ಇದು ಅನ್ಯಾಯ ಅಲ್ವಾ ಅಂತ ಮಗಳ ಕೈಲಿ ಕೇಳಿಸಿದೆ. ಟೀಚರಮ್ಮನಿಗೆ ಖುಷಿಯಾಯಿತು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಕೂತು ಸಂವಿಧಾನ ಬರೆಯುವಾಗ ಇದೇ ಜಗಳ ಆಯಿತಂತೆ. ದೊಡ್ಡ ರಾಜ್ಯಗಳು ಜನಸಂಖ್ಯೆ ನೋಡಿ ಅಂದವು. ಚಿಕ್ಕ ರಾಜ್ಯಗಳು ಸಮಪಾಲು ಬೇಕು ಅಂದವು. ಕೊನೆಗೆ ಎರಡೂ ಇಟ್ಟುಕೊಂಡರು. ಪ್ರತಿನಿಧಿ ಸಭೆಯ 435 ಸ್ಥಾನ ಜನಸಂಖ್ಯೆಯ ಲೆಕ್ಕದಲ್ಲಿ, ಸೆನೆಟ್ ಸಮಪಾಲಿನ ಲೆಕ್ಕದಲ್ಲಿ. ನಮ್ಮ ಮಿಷಿಗನ್‌ಗೆ ಅಲ್ಲಿ 13, ಇಲ್ಲಿ 2. ಎರಡೂ ಸೇರಿಸಿದರೆ 15, ಅಧ್ಯಕ್ಷರನ್ನು ಆರಿಸುವಾಗಲೂ ನಮ್ಮ ರಾಜ್ಯದ ಎಲೆಕ್ಟೋರಲ್ ಮತ ಅಷ್ಟೇ. ಅದು ಗೊತ್ತಾದ ಮೇಲೆ ರಾಜಧಾನಿ ವಾಷಿಂಗ್ಟನ್‌ನ 3 ಸೇರಿ ಒಟ್ಟು 538 ಮತ, ಗೆಲ್ಲಲು 270 ಅಂತ ಟಿವಿಯಲ್ಲಿ ಹೇಳುವ ಲೆಕ್ಕ ತಾನಾಗೇ ತಲೆಗೆ ಹತ್ತಿತು.

ಪ್ರತಿನಿಧಿಗಳ ಹೆಸರು ಕಲಿಯುವಾಗ ಇನ್ನೊಂದು ಖುಷಿ. ನಮ್ಮ ಕ್ಷೇತ್ರದವರಲ್ಲ, ಆದರೆ ಪಕ್ಕದ ಡೆಟ್ರಾಯಿಟ್ ಕ್ಷೇತ್ರದ ಶ್ರೀ ಠಾಣೇದಾರ್ ನಮ್ಮ ಬೆಳಗಾವಿಯಲ್ಲಿ ಬೆಳೆದವರು!

ನನಗೆ ಅತಿ ಕಷ್ಟವಾಗಿದ್ದು ಅಧ್ಯಕ್ಷರ ವಿಷಯ. ಭಾರತದಲ್ಲಿ ಪ್ರಧಾನಿ ಸಂಸತ್ತಿನ ಒಳಗಿನವರು. ಲೋಕಸಭೆ ನಂಬಿಕೆ ಕಳೆದುಕೊಂಡರೆ ಸರ್ಕಾರ ಬಿತ್ತು. ಇಲ್ಲಿ ಅವಿಶ್ವಾಸ ನಿರ್ಣಯವೇ ಇಲ್ಲ. ಅಧ್ಯಕ್ಷರು ಕಾಂಗ್ರೆಸ್ಸಿನ, ಅಂದರೆ ಇಲ್ಲಿನ ಸಂಸತ್ತಿನ, ಸದಸ್ಯರಲ್ಲ, ಅವರ ಮಂತ್ರಿಗಳೂ ಅಲ್ಲ. ಹಾಗಾದರೆ ಹಿಡಿತ ಯಾರ ಕೈಯಲ್ಲಿ? ಇದನ್ನು ಬಿಡಿಸಿ ಹೇಳಿದವರು ಕನ್ನಡ ಕೂಟದ ಧಾರವಾಡದ ಗೆಳತಿ. "ಅಕ್ಕಾ, ನಿಮ್ಮೂರ ಗುಡಿಯೊಳಗ ದೇವರ ಒಡವಿ ಪೆಟ್ಟಿಗಿ ಇತ್ತಲ್ಲಾ, ಕೀಲಿ ಯಾರ ಹತ್ರ ಇತ್ತು?" ಅಂತ ಕೇಳಿದರು. ನಮ್ಮೂರಲ್ಲಿ ಆ ಪೆಟ್ಟಿಗೆಗೆ ಮೂರು ಬೀಗ. ಒಂದು ಕೀಲಿ ಅರ್ಚಕರ ಹತ್ತಿರ, ಒಂದು ಪಟೇಲರ ಮನೆಯಲ್ಲಿ, ಇನ್ನೊಂದು ಶಾನುಭೋಗರ ಮನೆಯಲ್ಲಿ. ಜಾತ್ರೆ ದಿನ ಮೂವರೂ ಬರದಿದ್ದರೆ ದೇವರಿಗೆ ಒಡವೆ ಇಲ್ಲ. "ಹಂಗ ನೋಡ್ರಿ ಇದೂ" ಅಂದರು. ಕಾಂಗ್ರೆಸ್ ಮಸೂದೆ ಪಾಸು ಮಾಡುತ್ತದೆ, ಅಧ್ಯಕ್ಷರು ವೀಟೊ ಮಾಡಬಹುದು, ಅಂದರೆ ಒಪ್ಪದೆ ತಡೆಯಬಹುದು. ಎರಡೂ ಸದನದಲ್ಲಿ ಮೂರನೇ ಎರಡು ಭಾಗ ಮತ ಬಂದರೆ ಆ ವೀಟೊ ಕೂಡ ನಿಲ್ಲುವುದಿಲ್ಲ. ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳನ್ನು ಅಧ್ಯಕ್ಷರು ಹೆಸರಿಸಬೇಕು, ಸೆನೆಟ್ ಒಪ್ಪಬೇಕು. ಒಪ್ಪಿ ಕೂರಿಸಿದ ಮೇಲೆ ಅದೇ ಕೋರ್ಟು ಇಬ್ಬರ ಕೆಲಸವನ್ನೂ ಸಂವಿಧಾನಕ್ಕೆ ವಿರುದ್ಧ ಅನ್ನಬಹುದು.

ಆ ಗೆಳತಿಯೇ ನನ್ನ ಎರಡನೇ ದುಭಾಷಿ. ರಜೆ ಹಾಕಿ ಬಂದರು, ಒಂದು ಪೈಸೆ ಮುಟ್ಟಲಿಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ಮತ್ತೆ ಅದೇ ಥರದ ಕೋಣೆ, ಬೇರೆ ಅಧಿಕಾರಿ. ಮೊದಲ ಪ್ರಶ್ನೆ ಕನ್ನಡಕ್ಕೆ ಬಂದಿದ್ದು ಹೀಗೆ: "ಸರ್ಕಾರದ ಒಂದು ಅಂಗದ ಹೆಸರು ಹೇಳ್ರಿ."

ಅಂಗ! ಆ ಒಂದು ಪದ ಕಿವಿಗೆ ಬಿದ್ದ ಕೂಡಲೇ ನಾನು ಹತ್ತನೇ ಕ್ಲಾಸಿನಲ್ಲಿದ್ದೆ. ನಮ್ಮ ಸಮಾಜ ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಮೂರು ಗೆರೆ ಎಳೆದು ಬರೆಸುತ್ತಿದ್ದರು, ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ. ಮಾಡುವುದು, ನಡೆಸುವುದು, ತೂಗುವುದು. ಒಂದು ಕೇಳಿದರೆ ಮೂರನ್ನೂ ಹೇಳಿಬಿಟ್ಟೆ. ಮೇಷ್ಟ್ರು ಈಗ ಇಲ್ಲ. ಪೌರನೀತಿ ಪುಸ್ತಕ ಕೊಳ್ಳಲು ನನ್ನ ಹತ್ತಿರ ದುಡ್ಡಿಲ್ಲದಾಗ ತಮ್ಮದನ್ನೇ ಕೊಟ್ಟಿದ್ದರು. ನಲವತ್ತು ವರ್ಷಕ್ಕಿಂತ ಜಾಸ್ತಿ ಆಯಿತು ಮೇಷ್ಟ್ರೇ, ನಿಮ್ಮ ಪಾಠ ಡೆಟ್ರಾಯಿಟ್‌ನಲ್ಲಿ ನನ್ನ ಕೈ ಹಿಡಿಯಿತು. ನಿಮಗೆ ನಮಸ್ಕಾರ.

ಆಮೇಲಿನದು ಬೇಗ ಮುಗಿಯಿತು. ಕೆನಡಾ ಗಡಿಗೆ ಹೊಂದಿಕೊಂಡ ಒಂದು ರಾಜ್ಯ ಯಾವುದು ಅಂದರು. ಹಿಂದಿನ ಭಾನುವಾರವೇ ಮಗ ನದಿ ದಂಡೆಗೆ ಕರೆದುಕೊಂಡು ಹೋಗಿ, ಆಚೆ ದಡದ ಕಟ್ಟಡ ತೋರಿಸಿ, "ಅಮ್ಮಾ, ಅದು ಕೆನಡಾ, ನೀನು ನಿಂತಿರೋ ಮಿಷಿಗನ್ನೇ ಪ್ರಶ್ನೆಗೆ ಉತ್ತರ" ಅಂದಿದ್ದ. ಆರು ಪ್ರಶ್ನೆಗೆ ಆರೂ ಸರಿ. ಆರಾದ ಮೇಲೆ ಮುಂದೆ ಕೇಳಲಿಲ್ಲ. ಅಧಿಕಾರಿ ಎದ್ದು ಕೈ ಕುಲುಕಿದರು. ಅವರಿಗೂ, ನಾನು ಉತ್ತರ ಹೇಳುವಾಗ ಅವಸರ ಮಾಡದೆ ಕಾದಿದ್ದಕ್ಕೆ, ಥ್ಯಾಂಕ್ಸ್.

ಪ್ರಮಾಣದ ದಿನ ಒಂದು ಭಯ ಇತ್ತು. ಅಕ್ಟೋಬರ್ 1ರಿಂದ ಕೇಂದ್ರ ಸರ್ಕಾರದ ಎಷ್ಟೋ ಕಚೇರಿ ಬಂದ್ ಆಗಿದ್ದವು. ಪೌರತ್ವದ ಕಚೇರಿ ಬಹುಪಾಲು ನಾವು ಕಟ್ಟುವ ಶುಲ್ಕದಿಂದಲೇ ನಡೆಯುವುದರಿಂದ ನಮ್ಮ ಕಾರ್ಯಕ್ರಮ ನಿಲ್ಲಲಿಲ್ಲ. ಊರಿಂದ ತಂಗಿ ಫೋನ್ ಮಾಡಿ, "ಅಷ್ಟು ಶ್ರೀಮಂತ ದೇಶ, ಸಂಬಳ ಕೊಡೋಕೆ ದುಡ್ಡಿಲ್ವಾ?" ಅಂದಳು. ನಾನು ಕೂತು ವಿವರಿಸಿದೆ. ದುಡ್ಡಿದೆ ಕಣೇ, ಖರ್ಚು ಮಾಡಲು ಕಾಂಗ್ರೆಸ್ಸಿನ ಒಪ್ಪಿಗೆ ಇಲ್ಲ. ಪ್ರತಿನಿಧಿ ಸಭೆಯಲ್ಲಿ ಪಾಸಾದ ಮಸೂದೆ ಸೆನೆಟ್‌ನಲ್ಲಿ ಮುಂದೆ ಹೋಗಲು 60 ಮತ ಬೇಕು, ಸಿಗುತ್ತಿಲ್ಲ. ನಮ್ಮಲ್ಲಿ ಬಜೆಟ್ ಬಿದ್ದರೆ ಸರ್ಕಾರವೇ ಬೀಳುತ್ತದೆ, ಇಲ್ಲಿ ಸರ್ಕಾರ ಬೀಳಲ್ಲ, ಕಚೇರಿ ಮುಚ್ಚುತ್ತದೆ. ಮೂರು ಕೀಲಿ ಇದ್ದರೆ ಹೀಗೂ ಆಗುತ್ತದೆ. ಆ ಬಂದ್ ನವೆಂಬರ್ 12ರವರೆಗೆ ನಡೆಯಿತು. ಸಂಬಳ ಇಲ್ಲದೆ ಕೆಲಸ ಮಾಡಿದವರ ಮನೆಗಳನ್ನು ನೆನೆದರೆ ನನಗೆ ಈಗಲೂ ಸಂಕಟ. ಆದರೆ ಸುದ್ದಿ ನೋಡಿ ನಾನೇ ಇನ್ನೊಬ್ಬರಿಗೆ ಅರ್ಥ ಹೇಳಿದ್ದು ಜೀವನದಲ್ಲಿ ಅದೇ ಮೊದಲು.

ಪ್ರಮಾಣವನ್ನೂ ಗೆಳತಿ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳಿದರು. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ, ನನ್ನ ಹಳೆಯ ಪಾಸ್‌ಪೋರ್ಟ್ ಒಪ್ಪಿಸಬೇಕು. ಪ್ರಮಾಣದಲ್ಲಿ ಹಿಂದಿನ ದೇಶದ ನಿಷ್ಠೆ ಬಿಡುತ್ತೇನೆ ಅನ್ನುವ ಮಾತು ಬಂದಾಗ ಕಣ್ಣು ತುಂಬಿತು. ಮುಚ್ಚಿಡುವುದಿಲ್ಲ.

ನವೆಂಬರ್ 4ರಂದು ನಮ್ಮೂರ ನಗರಸಭೆಗೆ ಚುನಾವಣೆ ಇತ್ತು. ಅದೇ ಶಾಲೆ, ಅದೇ ಬಾಗಿಲು. ಈ ಸಲ ಇವರು ಮತ ಹಾಕಿ ಬಂದು ಹೊರಗೆ ನನಗೋಸ್ಕರ ಕಾದರು.

ಈಗ ಒಂದು ಕೆಲಸ ಬಾಕಿ ಇದೆ. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ ಹೊಸ ಪರೀಕ್ಷೆ. 128 ಪ್ರಶ್ನೆ ಓದಬೇಕು, 20 ಕೇಳುತ್ತಾರೆ, 12 ಸರಿ ಇರಬೇಕು. ಸೊಸೆ ಮತ್ತು ನಾನು ನೋಟ್‌ಬುಕ್ಕಿಗೆ ಹೊಸ ಪುಟ ಸೇರಿಸಿ ಬರೆಯುತ್ತಿದ್ದೇವೆ. ಧಾರವಾಡದ ಗೆಳತಿ ಒಂದೊಂದು ಪದವನ್ನೂ ತೂಗಿ ನೋಡುತ್ತಿದ್ದಾರೆ. ಮುಗಿದ ಮೇಲೆ ಬೇಕಾದವರು ಕೇಳಿ, ಝೆರಾಕ್ಸ್ ಮಾಡಿಸಿ ಕಳಿಸುತ್ತೇನೆ. ಓದಿ ಹೇಳುವವರು ಹತ್ತಿರ ಇಲ್ಲದಿದ್ದರೆ ಫೋನ್ ಮಾಡಿ, ಮಧ್ಯಾಹ್ನ ಎರಡರ ಮೇಲೆ ನಾನು ಮನೆಯಲ್ಲೇ ಇರುತ್ತೇನೆ.