ಊರವರ ಕೈಸೇರಿದ ಚರ್ಚ್

ಮಾನ್ಯರೇ,

ಆರಾಧಕರ ಸಂಖ್ಯೆ ಕುಸಿದು ಸ್ಕಾಟ್ಲೆಂಡಿನಲ್ಲಿ ಚರ್ಚ್‌ಗಳು ಒಂದೊಂದಾಗಿ ಮಾರಾಟಕ್ಕೆ ಬರುತ್ತಿರುವಾಗ, ಎಡಿನ್‌ಬರೊದ ಕಡಲತಡಿಯ ಪೋರ್ಟೊಬೆಲ್ಲೊ ನಿವಾಸಿಗಳು ಹಿಡಿದ ಹಾದಿ ಗಮನಾರ್ಹವಾದುದು. ಗ್ರಾಮೀಣ ಪ್ರದೇಶಗಳಿಗಷ್ಟೇ ಸೀಮಿತವಾಗಿದ್ದು 2016ರಲ್ಲಿ ನಗರಗಳಿಗೂ ವಿಸ್ತರಣೆಯಾದ ‘ಸಮುದಾಯ ಖರೀದಿ ಹಕ್ಕಿ’ನ (ಮಾರಾಟಕ್ಕೆ ಬಂದ ಜಾಗ, ಕಟ್ಟಡಗಳನ್ನು ಕೊಳ್ಳಲು ಸ್ಥಳೀಯರಿಗೆ ಮೊದಲ ಅವಕಾಶ ಕೊಡುವ ಕಾನೂನು) ಅಡಿಯಲ್ಲಿ, ‘ಆಕ್ಷನ್ ಪೋರ್ಟಿ’ ಎಂಬ ಸಂಘ ಕಟ್ಟಿಕೊಂಡು ಅವರು ಅಲ್ಲಿನ ಹಳೆಯ ಪ್ಯಾರಿಷ್ ಚರ್ಚನ್ನು 2017ರಲ್ಲಿ ಕೊಂಡರು. ಮರುವರ್ಷ ಅದು ‘ಬೆಲ್‌ಫೀಲ್ಡ್’ ಎಂಬ ಸಮುದಾಯ ಕೇಂದ್ರವಾಗಿ ಬಾಗಿಲು ತೆರೆಯಿತು.

ಈ ಹಕ್ಕು ಪುಕ್ಕಟೆ ಕೊಡುಗೆಯಲ್ಲ: ಸ್ಥಳೀಯರ ಮತದಾನದಲ್ಲಿ ಬಹುಮತ ಪಡೆದು, ಸರ್ಕಾರದ ಒಪ್ಪಿಗೆ ಗಳಿಸಿ, ಮೌಲ್ಯಮಾಪಕರು ಗೊತ್ತುಪಡಿಸಿದ ಬೆಲೆಯನ್ನು ತೆರಬೇಕು. ನಿಜವಾದ ಕಷ್ಟ ಆಮೇಲಿನದು. ಎತ್ತರದ ಮಾಡಿನ, ಕಲ್ಲುಗೋಡೆಯ ಸಭಾಂಗಣವನ್ನು ಚಳಿಗಾಲದಲ್ಲಿ ಬೆಚ್ಚಗಿಡುವ ಖರ್ಚನ್ನೂ ಬಾಡಿಗೆಯಿಂದಲೇ ಹೊಂದಿಸಬೇಕಾಗುವುದರಿಂದ, ಖರೀದಿಗೆ ಅನುದಾನ ನೀಡುವ ಸರ್ಕಾರ ಆರಂಭದ ವರ್ಷಗಳ ನಿರ್ವಹಣೆಗೂ ನೆರವಾಗುವುದು ನ್ಯಾಯ.

– ಒಬ್ಬ ಓದುಗ, ಎಡಿನ್‌ಬರೊ