ಮರಗಳ ಎತ್ತರದ ಲೆಕ್ಕ ಮೊದಲೇ ಸಿಗಲಿ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ ವಿಮಾನ ನಿಲ್ದಾಣದ ರನ್‌ವೇ 2,300 ಮೀಟರಿಗೆ ವಿಸ್ತರಣೆಯಾದ ಮೇಲೆ ದೊಡ್ಡ ವಿಮಾನಗಳು ಇಳಿಯುವಂತಾಗಿದ್ದು ಗೋಕುಲ ರಸ್ತೆಯ ನಿವಾಸಿಗಳಾದ ನಮಗೂ ಸಂತೋಷವೇ. ಆದರೆ ಸುತ್ತಲಿನ ಮರಗಳ ವಿಷಯ ಯಾರೂ ಎತ್ತುತ್ತಿಲ್ಲ.

ಉಪಕರಣಗಳ ನೆರವಿನಿಂದ ವಿಮಾನ ಇಳಿಯುವ ದೊಡ್ಡ ರನ್‌ವೇಗಳಿಗೆ ಅಂತರರಾಷ್ಟ್ರೀಯ ನಿಯಮವೊಂದಿದೆ. ರನ್‌ವೇ ತುದಿಯಿಂದ 60 ಮೀಟರ್ ಆಚೆಗೆ ಆರಂಭವಾಗುವ, ಕಣ್ಣಿಗೆ ಕಾಣದ ಏರುಮೇಲ್ಮೈಯೊಂದು ಪ್ರತಿ 50 ಮೀಟರಿಗೆ 1 ಮೀಟರಿನಂತೆ ಮೇಲೇರುತ್ತದೆ. ಅದನ್ನು ಯಾವ ಮರದ ತುದಿಯೂ ದಾಟಬಾರದು. ಈ ಮೇಲ್ಮೈ ಆರಂಭವಾಗುವಲ್ಲಿಂದ ಒಂದು ಕಿಲೋಮೀಟರ್ ದೂರದಲ್ಲಿರುವ ಮರ 20 ಮೀಟರ್ ಬೆಳೆಯಬಹುದು. ಆದರೆ ಅದು ನಿಂತ ನೆಲವೇ ರನ್‌ವೇಗಿಂತ 8 ಮೀಟರ್ ಎತ್ತರದಲ್ಲಿದ್ದರೆ ಅದಕ್ಕೆ ಉಳಿಯುವುದು 12 ಮೀಟರ್ ಮಾತ್ರ. ದಿಬ್ಬ, ತಗ್ಗುಗಳಿರುವ ನಮ್ಮ ಊರಿನಲ್ಲಿ ಇದನ್ನು ಕಣ್ಣಳತೆಯಿಂದ ಹೇಳಲಾಗದು.

ಕಟ್ಟಡದ ಎತ್ತರವನ್ನು ಅನುಮತಿ ನೀಡುವಾಗ ಒಮ್ಮೆ ನೋಡಿದರೆ ಸಾಕು, ಮರ ಮಾತ್ರ ವರ್ಷವರ್ಷವೂ ಬೆಳೆಯುತ್ತದೆ. ನಮ್ಮ ಬಡಾವಣೆಯ ಅಂಚಿನಲ್ಲಿ ಕಡಿದ ನೀಲಗಿರಿಯೊಂದರ ಬುಡದಿಂದ ನಾಲ್ಕು ಚಿಗುರುಗಳು ಎದ್ದು, ಕೆಲವೇ ವರ್ಷಗಳಲ್ಲಿ ಮನೆಯ ಮಾಳಿಗೆಯನ್ನು ಮೀರಿ ನಿಂತಿವೆ. ಕೊಡಲಿ ಹಾಕಿದ್ದಷ್ಟೇ ಬಂತು!

ಇದಕ್ಕೆ ಜಿಐಎಸ್, ಅಂದರೆ ಸ್ಥಳದ ಮಾಹಿತಿಯನ್ನು ನಕ್ಷೆಯ ಮೇಲೆ ಜೋಡಿಸುವ ಕಂಪ್ಯೂಟರ್ ವ್ಯವಸ್ಥೆ, ಆಧಾರಿತ ಮಾದರಿ ನೆರವಾಗಬಲ್ಲದು. ವಿಮಾನ ಅಥವಾ ಡ್ರೋನ್‌ನಿಂದ ಲೇಸರ್ ಕಿರಣ ಹಾಯಿಸುವ ಲೈಡಾರ್ ಸಮೀಕ್ಷೆಯಲ್ಲಿ ನೆಲದ ಎತ್ತರವೂ ಮರದ ನೆತ್ತಿಯ ಎತ್ತರವೂ ಬೇರೆಬೇರೆಯಾಗಿ ದೊರೆಯುತ್ತವೆ. ಅದರ ಮೇಲೆ ನಿಯಮದ ಮೇಲ್ಮೈಯನ್ನು ಹಾಸಿ ಆಯಾ ಜಾತಿಯ ಬೆಳವಣಿಗೆಯ ವೇಗವನ್ನು ಸೇರಿಸಿದರೆ, ಯಾವ ಮರ ಸುಮಾರು ಯಾವ ವರ್ಷ ಮಿತಿ ಮುಟ್ಟೀತೆಂದು ಮುಂಚಿತವಾಗಿ ಅಂದಾಜಿಸಬಹುದು. ಬೆಳವಣಿಗೆಯ ಅಂಕಿಗಳಿಗೆ ದೂರ ಹೋಗಬೇಕಿಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಅರಣ್ಯ ಮಹಾವಿದ್ಯಾಲಯ ಶಿರಸಿಯಲ್ಲೇ ಇದೆ.

ಹೀಗೆ ಮಾಡಿದರೆ ಸಾಲುಸಾಲಾಗಿ ಕಡಿಯುವ ಬದಲು ಅಗತ್ಯವಿರುವ ಮರವನ್ನಷ್ಟೇ ಸವರಬಹುದು. ಬಿಆರ್‌ಟಿಎಸ್ (ತ್ವರಿತ ಬಸ್ ಸಾರಿಗೆ) ಕಾಮಗಾರಿಯಲ್ಲಿ ನೆರಳು ಕಳೆದುಕೊಂಡ ಅವಳಿ ನಗರಕ್ಕೆ ಇದು ಸಣ್ಣ ಮಾತಲ್ಲ. ವಿಮಾನ ನಿಲ್ದಾಣ, ಮಹಾನಗರ ಪಾಲಿಕೆ ಮತ್ತು ಅರಣ್ಯ ಇಲಾಖೆ ಸೇರಿ ಇಂತಹ ನಕ್ಷೆ ಸಿದ್ಧಪಡಿಸಿ, ಯಾವ ಜಾಗದಲ್ಲಿ ಎಷ್ಟು ಎತ್ತರದ ಮರ ಬೆಳೆಯಬಹುದೆಂಬುದನ್ನು ವಾರ್ಡ್‌ವಾರು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಮುಂದಿನ ಮಳೆಗಾಲದ ಸಸಿ ನೆಡುವಿಕೆಗೆ ಮುಂಚೆಯೇ ಅದು ಕೈಸೇರಿದರೆ, ತಂತಿಬೇಲಿಯ ಪಕ್ಕ ನೀಲಗಿರಿ ನೆಡುವುದಾದರೂ ತಪ್ಪೀತು.

– ಗೋಕುಲ ರಸ್ತೆಯ ನಿವಾಸಿ, ಹುಬ್ಬಳ್ಳಿ