ಟರ್ಕಿ ಕೋಳಿ ಬೇಯಿಸಲಿರುವ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಅಮೆರಿಕದವರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಈ ಸಲದ ಊಟ ನಿಮ್ಮ ಮನೆಯಲ್ಲೇ ಎಂದು ತಿಳಿದು ಬಹಳ ಸಂತೋಷವಾಯಿತು. ಕಚೇರಿಯ ಗೆಳೆಯರ ಜೊತೆಗೆ ಪಕ್ಕದ ಮನೆಯ ಹಿರಿಯ ದಂಪತಿಗಳನ್ನೂ ಕರೆದಿದ್ದೀಯ ಎಂದು ಬರೆದಿರುವೆ. ಅವರ ಹಬ್ಬವನ್ನು ನಮ್ಮ ಮನೆಯೊಳಗೆ ಆಚರಿಸಿ, ಅವರಿಗೇ ಬಡಿಸುವುದಕ್ಕಿಂತ ಒಳ್ಳೆಯ ನೆರೆಹೊರೆತನ ಬೇರೊಂದಿಲ್ಲವೆಂದು ನಾನು ನಂಬಿದ್ದೇನೆ. ಟರ್ಕಿಗೆ ಯಾವ ಮಸಾಲೆ ಹಾಕಿದರೆ ಮಾಂಸ ಒಣಗುವುದಿಲ್ಲ ಎಂದು ಕೇಳಿದ್ದೀಯ. ಒಣಗದಂತೆ ತಡೆಯುವ ಮಸಾಲೆ ಯಾವುದೂ ಇಲ್ಲ. ಎರಡು ದಿನ ಮುಂಚೆ ಹಚ್ಚಿಟ್ಟ ಉಪ್ಪು, ಸರಿಯಾದ ಹೊತ್ತಿಗೆ ಓವನ್ನಿನಿಂದ ಹೊರಗೆ ತೆಗೆಯುವ ಎಚ್ಚರ, ಇವೆರಡೇ ಆ ಕೆಲಸ ಮಾಡುತ್ತವೆ. ಆದ್ದರಿಂದ ಈ ಪತ್ರದ ಬಹುಪಾಲು ಇವೆರಡರ ಬಗೆಗೇ ಇರುತ್ತದೆ.

ನಮ್ಮ ಅಡುಗೆಯ ಅಭ್ಯಾಸವೇ ಇಲ್ಲಿ ನಮಗೆ ಅಡ್ಡ ಬರುತ್ತದೆ, ಅದನ್ನು ಮೊದಲು ತಿಳಿದುಕೊಳ್ಳಬೇಕು. ನಾಟಿಕೋಳಿ ಸಾರು ಮಾಡುವಾಗ ಮಾಂಸವನ್ನು ಎಷ್ಟು ಹೊತ್ತು ಕುದಿಸಿದರೂ ನಷ್ಟವಿಲ್ಲ, ಏಕೆಂದರೆ ಮಾಂಸ ಬಿಟ್ಟ ರಸವೆಲ್ಲ ಸಾರಿನಲ್ಲೇ ಉಳಿದು, ಮುದ್ದೆಯ ಜೊತೆ ನಮ್ಮ ಹೊಟ್ಟೆಯನ್ನೇ ಸೇರುತ್ತದೆ. ಓವನ್ನಿನ ಒಣ ಶಾಖದಲ್ಲಿ ಹಾಗಲ್ಲ. ಅಲ್ಲಿ ಮಾಂಸ ಬಿಟ್ಟ ರಸ ತಟ್ಟೆಗೆ ಸೋರಿ ಹೋಗುತ್ತದೆ, ಇಲ್ಲವೇ ಆವಿಯಾಗುತ್ತದೆ. ಮತ್ತೆ ಒಳಗೆ ಹೋಗುವುದಿಲ್ಲ. "ಇನ್ನೂ ಅರ್ಧ ಗಂಟೆ ಇರಲಿ, ಚೆನ್ನಾಗಿ ಬೇಯಲಿ" ಎನ್ನುವ ನಮ್ಮ ಮನೆಮಾತು ಸಾರಿಗೆ ಸಲ್ಲುತ್ತದೆ, ಟರ್ಕಿಯನ್ನು ಕೆಡಿಸುತ್ತದೆ.

ಇನ್ನೊಂದು ತೊಡಕು ಹಕ್ಕಿಯ ಮೈಯಲ್ಲೇ ಇದೆ. ಇಲ್ಲಿನ ಅಂಗಡಿಗಳಲ್ಲಿ ಸಿಗುವ ಟರ್ಕಿಗಳು ಬಹುಮಟ್ಟಿಗೆ ಬ್ರಾಡ್ ಬ್ರೆಸ್ಟೆಡ್ ವೈಟ್ ಎಂಬ ಅಗಲವಾದ ಎದೆಯ ತಳಿಯವು. ನಾನಿರುವ ಮಿನ್ನೆಸೋಟ ರಾಜ್ಯವೇ ಅಮೆರಿಕದಲ್ಲಿ ಎಲ್ಲಕ್ಕಿಂತ ಹೆಚ್ಚು ಟರ್ಕಿ ಸಾಕುವ ರಾಜ್ಯವಾದ್ದರಿಂದ ಈ ಹಕ್ಕಿಗಳ ವಿಷಯ ಇಲ್ಲಿ ದಿನವೂ ಕಿವಿಗೆ ಬೀಳುತ್ತದೆ. ಆ ದೊಡ್ಡ ಎದೆಯ ಬಿಳಿ ಮಾಂಸದಲ್ಲಿ ಕೊಬ್ಬು ತೀರ ಕಡಿಮೆ. ಸದಾ ಓಡಾಡುವ ಕಾಲು, ತೊಡೆಗಳಲ್ಲಿ ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನು ಹೆಚ್ಚಿರುವುದರಿಂದ ಅಲ್ಲಿನ ಮಾಂಸ ಕಪ್ಪಾಗಿರುತ್ತದೆ, ಎಳೆಗಳನ್ನು ಬಿಗಿದಿಡುವ ಕೊಲಾಜನ್ ಎಂಬ ಗಟ್ಟಿ ಪ್ರೋಟೀನು ಕೂಡ ಹೆಚ್ಚಿರುತ್ತದೆ. ಎದೆಯ ಮಾಂಸ 165 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 74 ಡಿಗ್ರಿ ಸೆಲ್ಸಿಯಸ್, ದಾಟಿದ ಮೇಲೆ ಪ್ರತಿ ಡಿಗ್ರಿಗೂ ಒಣಗುತ್ತಾ ಹೋಗುತ್ತದೆ. ಒದ್ದೆ ಬಟ್ಟೆಯನ್ನು ಹಿಂಡಿದಂತೆ ಅದರ ಎಳೆಗಳು ಸಂಕುಚಿಸಿ ನೀರನ್ನು ಹೊರಗೆ ತಳ್ಳುತ್ತವೆ. ತೊಡೆಯ ಮಾಂಸವಾದರೋ 175 ಡಿಗ್ರಿ ಮುಟ್ಟಿದಾಗಲೇ ಕೊಲಾಜನ್ ಕರಗಿ ಮೆತ್ತಗಾಗುತ್ತದೆ. ಒಂದೇ ಓವನ್, ಒಂದೇ ಹಕ್ಕಿ, ಆದರೆ ಎರಡು ಬಗೆಯ ಮಾಂಸಕ್ಕೆ ಎರಡು ಗುರಿ. ಹಲವರ ಮನೆಗಳಲ್ಲಿ ನಾನು ತಿಂದ ಟರ್ಕಿಯ ಎದೆ ನಾರುನಾರಾಗಿದ್ದುದಕ್ಕೆ ಕಾರಣ ಅಡುಗೆಯವರ ಅಜಾಗರೂಕತೆಯಲ್ಲ. ತೊಡೆ ಬೇಯಲಿ ಎಂದು ಕಾಯುತ್ತಿರುವಾಗ ಎದೆ ಆಗಲೇ ಬೆಂದು ಮುಗಿದಿರುತ್ತದೆ.

ಈಗ ಕೊಳ್ಳುವ ವಿಷಯ. ತಲೆಗೆ ಒಂದರಿಂದ ಒಂದೂವರೆ ಪೌಂಡ್ ಲೆಕ್ಕ ಹಿಡಿದರೆ ಸಾಕು. ಮೂಳೆಯ ತೂಕವೂ ಅದರಲ್ಲೇ ಸೇರಿದೆ. 20 ಪೌಂಡಿನ ದೊಡ್ಡ ಹಕ್ಕಿಯ ಆಸೆ ಬೇಡ, 12ರಿಂದ 14 ಪೌಂಡಿನದು ಹದವಾಗಿ ಬೇಯುತ್ತದೆ. ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳನ್ನು ಓದು. ಇಂತಿಷ್ಟು ಶೇಕಡಾ ದ್ರಾವಣ ಸೇರಿಸಲಾಗಿದೆ ಎಂದಿದ್ದರೆ ಅದಕ್ಕೆ ಕಾರ್ಖಾನೆಯಲ್ಲೇ ಉಪ್ಪುನೀರು ಚುಚ್ಚಿರುತ್ತಾರೆ. ಕೋಷರ್ (ಯಹೂದಿಗಳ ಆಹಾರ ನಿಯಮದಂತೆ ಸಿದ್ಧಪಡಿಸಿದ್ದು) ಎಂದಿದ್ದರೂ ಉಪ್ಪು ಹಾಕಿಯೇ ಇರುತ್ತದೆ. ಅಂಥದ್ದಕ್ಕೆ ನೀನು ಮತ್ತೆ ಉಪ್ಪು ಹಚ್ಚಿದರೆ ತಿನ್ನಲಾಗದಷ್ಟು ಉಪ್ಪಾಗುತ್ತದೆ. ಏನೂ ಸೇರಿಸದ ಹಕ್ಕಿಯನ್ನೇ ಹುಡುಕಿ ತಾ.

ಹೆಪ್ಪುಗಟ್ಟಿದ ಹಕ್ಕಿಯನ್ನು ಕರಗಿಸುವುದಕ್ಕೆ ಜನ ಊಹಿಸುವುದಕ್ಕಿಂತ ಹೆಚ್ಚು ಕಾಲ ಬೇಕು. ಫ್ರಿಜ್‌ನಲ್ಲಿ ನಾಲ್ಕೈದು ಪೌಂಡಿಗೆ ಒಂದು ಇಡೀ ದಿನ ಎಂಬುದು ಅಮೆರಿಕದ ಕೃಷಿ ಇಲಾಖೆಯ ಲೆಕ್ಕ. ಹಬ್ಬ ಯಾವಾಗಲೂ ನವೆಂಬರಿನ ನಾಲ್ಕನೆಯ ಗುರುವಾರ ಬರುವುದರಿಂದ (ಲಿಂಕನ್ 1863ರಲ್ಲಿ ಘೋಷಿಸಿದ ಹಬ್ಬಕ್ಕೆ ಈ ವಾರವನ್ನು ಕಾಯಿದೆಯಿಂದ ಗೊತ್ತುಮಾಡಿದ್ದು 1941ರಲ್ಲಿ) ಹಿಂದಕ್ಕೆ ಎಣಿಸುವುದು ಸುಲಭ. 14 ಪೌಂಡಿನ ಹಕ್ಕಿಯನ್ನು ಶನಿವಾರ ಬೆಳಗ್ಗೆ ಫ್ರೀಜರ್‌ನಿಂದ ತೆಗೆದು, ಅಂಚಿರುವ ತಟ್ಟೆಯಲ್ಲಿಟ್ಟು, ಫ್ರಿಜ್‌ನ ಅತ್ಯಂತ ಕೆಳಗಿನ ಅಂಕಣದಲ್ಲಿ ಇಡು; ಸೋರುವ ನೀರು ಸೊಪ್ಪು, ಮೊಸರುಗಳ ಮೇಲೆ ಬೀಳಬಾರದು. ಮಂಗಳವಾರ ಸಂಜೆಗೆ ಅದು ಪೂರ್ತಿ ಕರಗಿರುತ್ತದೆ. ಅಡುಗೆಕಟ್ಟೆಯ ಮೇಲೆ ರಾತ್ರಿಯಿಡೀ ಬಿಟ್ಟು ಕರಗಿಸುವ ಯೋಚನೆ ಖಂಡಿತ ಬೇಡ. ಒಳಗೆ ಮಂಜುಗಡ್ಡೆಯಿರುವಾಗಲೇ ಹೊರಮೈ ಬೆಚ್ಚಗಾಗಿ ಅಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ತಡವಾಗಿ ಹೋಯಿತೆಂದರೆ, ಸೋರದ ಚೀಲದಲ್ಲಿ ಹಾಕಿ ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸುತ್ತಾ ಪೌಂಡಿಗೆ 30 ನಿಮಿಷದಂತೆ ಕರಗಿಸಬಹುದು. 14 ಪೌಂಡಿಗೆ ಅದು ಏಳು ಗಂಟೆಯ ಕೆಲಸ, ಮತ್ತು ಕರಗಿದ ಕೂಡಲೇ ಬೇಯಿಸಬೇಕು.

ನಿಮ್ಮ ಮನೆಯವರಿಗೆ ಒಂದು ಮಾತು ಹೇಳು: ಹಕ್ಕಿಯನ್ನು ನಲ್ಲಿಯ ಕೆಳಗೆ ತೊಳೆಯಬಾರದು. ಅರಿಶಿನ ಹಚ್ಚಿ ನಾಲ್ಕು ಸಲ ತೊಳೆಯುವುದು ನಮಗೆ ರಕ್ತಗತವಾಗಿದೆ ಎಂಬುದು ನನಗೆ ಗೊತ್ತಿದೆ. ಆದರೆ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ತೊಳೆದರೆ ಹೋಗುವುದಿಲ್ಲ, ಸಿಡಿಯುವ ಹನಿಗಳ ಮೂಲಕ ಸಿಂಕು, ಪಾತ್ರೆ, ಪಕ್ಕದ ತರಕಾರಿಗಳಿಗೆ ಹರಡುತ್ತವೆ. ಅವುಗಳನ್ನು ಕೊಲ್ಲುವುದು ಶಾಖ. ಒಳಗೆ ಹೊರಗೆ ಪೇಪರ್ ಟವೆಲ್‌ನಿಂದ ಚೆನ್ನಾಗಿ ಒತ್ತಿ ಒರೆಸಿದರೆ ಸಾಕು. ಹೊಟ್ಟೆಯ ಪೊಳ್ಳಿನಲ್ಲಿ ಕುತ್ತಿಗೆ, ಗುಂಡಿಗೆ, ಲಿವರ್ ಇರುವ ಸಣ್ಣ ಪೊಟ್ಟಣ ಇರುತ್ತದೆ. ಕುತ್ತಿಗೆಯ ಕಡೆಯ ಚರ್ಮದ ಕೆಳಗೂ ನೋಡು, ಕೆಲವೊಮ್ಮೆ ಅಲ್ಲಿ ಸೇರಿಸಿರುತ್ತಾರೆ.

ಮಂಗಳವಾರ ಸಂಜೆ, ಉಪ್ಪು ಹಚ್ಚುವ ಮುಂಚೆ, ಬೆನ್ನುಮೂಳೆಯನ್ನು ತೆಗೆದುಬಿಡು. ಇಡೀ ಹಕ್ಕಿಯನ್ನು ಮೇಜಿನ ಮೇಲೆ ತಂದಿಟ್ಟು ಎಲ್ಲರ ಮುಂದೆ ಕೊಯ್ಯುವ ಚೆಂದಕ್ಕಾಗಿ ಜನ ಇದನ್ನು ಒಲ್ಲೆನ್ನುತ್ತಾರೆ. ನನಗೆ ಚೆಂದಕ್ಕಿಂತ ರುಚಿ ದೊಡ್ಡದು. ಹಕ್ಕಿಯನ್ನು ಬೋರಲಾಗಿ ಮಲಗಿಸಿ, ಗಟ್ಟಿಯಾದ ಕತ್ತರಿಯಿಂದ ಬೆನ್ನುಮೂಳೆಯ ಎರಡೂ ಬದಿಗೆ ಬಾಲದಿಂದ ಕುತ್ತಿಗೆಯವರೆಗೆ ಕತ್ತರಿಸಿ ತೆಗೆ. ಆಮೇಲೆ ಮಗುಚಿ, ಎರಡೂ ಅಂಗೈಗಳನ್ನು ಎದೆಯ ನಡುವೆ ಇಟ್ಟು ಮೈಭಾರವೆಲ್ಲ ಬಿಟ್ಟು ಒತ್ತಿದರೆ ಲಟ್ಟನೆ ಶಬ್ದವಾಗಿ ಎದೆಮೂಳೆ ಮುರಿದು ಹಕ್ಕಿ ಚಪ್ಪಟೆಯಾಗಿ ಕೂರುತ್ತದೆ. ಆಗ ಎದೆಯ ಕೆಳಗೆ ಅಡಗಿದ್ದ ತೊಡೆಗಳು ಹೊರಗೆ ಬಂದು ಅವಕ್ಕೆ ಹೆಚ್ಚು ಶಾಖ ತಗಲುತ್ತದೆ, ಎದೆಯೂ ತೊಡೆಯೂ ತಮ್ಮ ತಮ್ಮ ಗುರಿಯನ್ನು ಹೆಚ್ಚುಕಡಿಮೆ ಒಟ್ಟಿಗೆ ಮುಟ್ಟುತ್ತವೆ. ಮೇಲೆ ಹೇಳಿದ ತೊಡಕಿಗೆ ಇದಕ್ಕಿಂತ ಸರಳವಾದ ಪರಿಹಾರ ನನಗೆ ಕಂಡಿಲ್ಲ. ತೆಗೆದ ಬೆನ್ನುಮೂಳೆಯನ್ನು ಎಸೆಯಬೇಡ, ಗ್ರೇವಿಗೆ ಬೇಕು.

ಉಪ್ಪಿನ ಅಳತೆ ಹೀಗೆ: ಹಗುರವಾದ ಹರಳಿನ ಕೋಷರ್ ಉಪ್ಪಾದರೆ ಐದು ಪೌಂಡಿಗೆ ಒಂದು ಟೇಬಲ್ ಚಮಚ, ದಿನಬಳಕೆಯ ಪುಡಿ ಉಪ್ಪಾದರೆ ಅದರ ಅರ್ಧ. ಎದೆಯ ಮೇಲಿನ ಚರ್ಮವನ್ನು ಬೆರಳುಗಳಿಂದ ಹರಿಯದಂತೆ ನಿಧಾನವಾಗಿ ಸಡಿಲಿಸಿ, ಉಪ್ಪಿನ ಒಂದು ಪಾಲನ್ನು ಮಾಂಸಕ್ಕೇ ತಾಕುವಂತೆ ಒಳಗೆ ಸವರು. ಉಳಿದದ್ದನ್ನು ಎದೆಯ ದಪ್ಪ ಭಾಗಕ್ಕೂ ತೊಡೆಗೂ ಹೆಚ್ಚಾಗಿ, ರೆಕ್ಕೆಗೆ ಕಡಿಮೆಯಾಗಿ ಎತ್ತರದಿಂದ ಉದುರಿಸು. ಮೊದಲ ಕೆಲವು ಗಂಟೆ ಉಪ್ಪು ಮಾಂಸದ ನೀರನ್ನು ಹೊರಗೆ ಸೆಳೆಯುತ್ತದೆ, ಮೇಲ್ಮೈಯಲ್ಲಿ ಹನಿಗಳು ಕಾಣುತ್ತವೆ, ಗಾಬರಿಯಾಗಬೇಡ. ಆ ನೀರಿನಲ್ಲೇ ಉಪ್ಪು ಕರಗಿ ಮತ್ತೆ ಮಾಂಸದೊಳಗೆ ಇಳಿದು, ಮಯೋಸಿನ್ ಎಂಬ ಪ್ರೋಟೀನಿನ ಬಿಗಿಯನ್ನು ಸಡಿಲಿಸುತ್ತದೆ. ಬಿಗಿ ಸಡಿಲಿಸಿದ ಮಾಂಸ ಬೇಯುವಾಗ ಕಡಿಮೆ ಸಂಕುಚಿಸುತ್ತದೆ, ತನ್ನ ನೀರನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಬಕೆಟ್ಟಿನ ಉಪ್ಪುನೀರಿನಲ್ಲಿ ಮುಳುಗಿಸುವವರೂ ಇದ್ದಾರೆ; ಅದರಿಂದ ಮಾಂಸ ನೀರು ಹಿಡಿಯುವುದು ನಿಜವಾದರೂ ರುಚಿ ತೆಳುವಾಗುತ್ತದೆ, ಚರ್ಮವೂ ಗರಿಗರಿಯಾಗುವುದಿಲ್ಲ. ಉಪ್ಪು ಹಚ್ಚಿದ ಹಕ್ಕಿಯನ್ನು ಮುಚ್ಚದೆಯೇ ಫ್ರಿಜ್‌ನಲ್ಲಿ ಗುರುವಾರದವರೆಗೆ ಬಿಡು. ಚರ್ಮ ಒಣಗಿ ಬಿಗಿದು, ಕೆಳಗಿನ ಮಾಂಸ ಮಬ್ಬಾಗಿ ಕಾಣುವಷ್ಟು ಪಾರದರ್ಶಕವಾಗಿರಬೇಕು, ಮುಟ್ಟಿದರೆ ಬೆರಳಿಗೆ ತೇವ ಅಂಟಬಾರದು.

ಇನ್ನು ನೀನು ಕೇಳಿದ ಮಸಾಲೆ. ಮೊಸರು, ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಬಳಿದರೆ ಚರ್ಮ ಒದ್ದೆಯಾಗುತ್ತದೆ, ಹೆಚ್ಚಿನ ಶಾಖಕ್ಕೆ ಮಸಾಲೆ ಸೀದು ಕಹಿಯಾಗುತ್ತದೆ. ಮೆತ್ತಗಾದ ಬೆಣ್ಣೆಗೆ ಜಜ್ಜಿದ ಕರಿಮೆಣಸು, ಥೈಮ್ ಮತ್ತು ಸೇಜ್ ಎಲೆ ಬೆರೆಸಿ ಎದೆಯ ಚರ್ಮದ ಕೆಳಗೆ ಸವರಿ, ಮೇಲೆ ಸ್ವಲ್ಪ ಎಣ್ಣೆ ಹಚ್ಚಿದರೆ ನನ್ನ ಮಟ್ಟಿಗೆ ಅದೇ ಪೂರ್ಣ. ಊರಿನಿಂದ ತಂದ ಕೊಡಗಿನ ಮೆಣಸಿದ್ದರೆ ಧಾರಾಳವಾಗಿ ಹಾಕು, ಅದು ಈ ಮಾಂಸಕ್ಕೆ ಬಹಳ ಚೆನ್ನಾಗಿ ಒಪ್ಪುತ್ತದೆ.

ಗುರುವಾರ, ಓವನ್ನಿನೊಳಗೆ ಇಟ್ಟಿರುವ ತವಾ, ಬಾಣಲೆಗಳನ್ನೆಲ್ಲ ಮೊದಲು ಹೊರಗೆ ತೆಗೆದು, 425 ಡಿಗ್ರಿ ಫ್ಯಾರನ್‌ಹೀಟ್‌ಗೆ ಕಾಯಿಸು. ಅಗಲವಾದ ತಟ್ಟೆಯಲ್ಲಿ ಈರುಳ್ಳಿ, ಕ್ಯಾರೆಟ್, ಸೆಲರಿ ಹರಡಿ ಸ್ವಲ್ಪ ನೀರು ಹಾಕು. ಇಲ್ಲದಿದ್ದರೆ ಸೋರಿದ ಕೊಬ್ಬು ಸುಟ್ಟು ಮನೆಯೆಲ್ಲ ಹೊಗೆಯಾಗಿ ಅಲಾರಂ ಕೂಗುತ್ತದೆ. ಮೇಲೆ ಜಾಲರಿ, ಅದರ ಮೇಲೆ ಹಕ್ಕಿ. ಚಪ್ಪಟೆ ಮಾಡಿದ ಹಕ್ಕಿ ಸುಮಾರು ಒಂದೂವರೆ ಗಂಟೆಯಲ್ಲಿ ಬೇಯುತ್ತದೆ. ಇಡೀ ಹಕ್ಕಿಯನ್ನೇ ಇಡುವೆಯಾದರೆ 325 ಡಿಗ್ರಿಯಲ್ಲಿ ಮೂರರಿಂದ ಮೂರೂಮುಕ್ಕಾಲು ಗಂಟೆ ಬೇಕು. ಗಡಿಯಾರವನ್ನು ಮಾತ್ರ ನಂಬಬೇಡ. ತಕ್ಷಣ ಅಂಕಿ ತೋರಿಸುವ ಡಿಜಿಟಲ್ ಥರ್ಮಾಮೀಟರ್ ಒಂದನ್ನು ಇಂದೇ ಕೊಂಡುಕೋ. ಕೆಲವು ಹಕ್ಕಿಗಳ ಎದೆಗೆ ಚುಚ್ಚಿಟ್ಟಿರುವ, ಬೆಂದಾಗ ಮೇಲೆದ್ದು ಬರುವ ಪ್ಲಾಸ್ಟಿಕ್ ಕಡ್ಡಿ ಸಾಮಾನ್ಯವಾಗಿ ಬಹಳ ತಡವಾಗಿ ಏಳುತ್ತದೆ. ಒಂದು ಗಂಟೆಯಾದ ಮೇಲೆ ಎದೆಯ ಅತ್ಯಂತ ದಪ್ಪ ಭಾಗಕ್ಕೆ ಮೂಳೆಗೆ ತಾಗದಂತೆ ಚುಚ್ಚಿ ನೋಡು, ತೊಡೆಯ ಒಳಭಾಗದಲ್ಲೂ ನೋಡು. ಎದೆ 160, ತೊಡೆ 175 ತೋರಿಸಿದಾಗ ಹೊರಗೆ ತೆಗೆ. ಹೊರಗಿಟ್ಟ ಮೇಲೂ ಒಳಗಿನ ಶಾಖ ಏರುತ್ತದೆ. ಹಿರಿಯರು ಉಣ್ಣುವ ಊಟವಾದ್ದರಿಂದ ಎಲ್ಲ ಕಡೆ 165 ಮುಟ್ಟಿತೆಂದು ಮತ್ತೊಮ್ಮೆ ಅಳೆದು ಖಚಿತಮಾಡಿಕೋ; ಮುಟ್ಟದಿದ್ದರೆ ಕೆಲವು ನಿಮಿಷ ಮತ್ತೆ ಒಳಗಿಡು. ನಡುನಡುವೆ ಬಾಗಿಲು ತೆರೆದು ರಸ ಸುರಿಯುವ ರೂಢಿಯೊಂದಿದೆ. ಅದರಿಂದ ಮಾಂಸದೊಳಗೆ ಏನೂ ಇಳಿಯುವುದಿಲ್ಲ, ಓವನ್ ತಣ್ಣಗಾಗಿ ಚರ್ಮ ಮೆತ್ತಗಾಗುತ್ತದೆ ಅಷ್ಟೆ.

ಸಾಮಾನ್ಯವಾಗಿ ಹಕ್ಕಿಯ ಹೊಟ್ಟೆಯೊಳಗೆ ತುಂಬುವ ಬ್ರೆಡ್ಡಿನ ಸ್ಟಫಿಂಗನ್ನು ಬೇರೆ ಪಾತ್ರೆಯಲ್ಲೇ ಬೇಯಿಸು. ತರಕಾರಿ ಬೇಯಿಸಿದ ನೀರಿನಿಂದ ಮಾಡಿದರೆ ನಿನ್ನ ಸಸ್ಯಾಹಾರಿ ಅತಿಥಿಗಳೂ ನಿಶ್ಚಿಂತೆಯಿಂದ ತಿನ್ನುತ್ತಾರೆ.

ಹೊರಗೆ ತೆಗೆದ ಹಕ್ಕಿಯನ್ನು ಅರ್ಧ ಗಂಟೆ ಮುಟ್ಟಬೇಡ. ಫಾಯಿಲ್‌ನಿಂದ ಬಿಗಿಯಾಗಿ ಮುಚ್ಚಲೂ ಬೇಡ, ಆವಿಗೆ ಚರ್ಮ ಬೆವರುತ್ತದೆ. ಆ ಅರ್ಧ ಗಂಟೆ ಗ್ರೇವಿಗೆ ಸರಿಹೋಗುತ್ತದೆ. ಬೆಳಗ್ಗೆಯೇ ಬೆನ್ನುಮೂಳೆ, ಕುತ್ತಿಗೆಗಳನ್ನು ಕೆಂಪಗೆ ಹುರಿದು ಈರುಳ್ಳಿಯೊಂದಿಗೆ ಸಣ್ಣ ಉರಿಯಲ್ಲಿ ಕುದಿಸಿ ಸೋಸಿಟ್ಟಿರು. ತಟ್ಟೆಯ ಕೊಬ್ಬಿನಲ್ಲಿ ಮೈದಾವನ್ನು ಹಸಿವಾಸನೆ ಹೋಗಿ ಕಂದುಬಣ್ಣ ಬರುವವರೆಗೆ ಹುರಿದು, ಒಂದು ಕಪ್ ರಸಕ್ಕೆ ಎರಡು ಟೇಬಲ್ ಚಮಚ ಮೈದಾದ ಲೆಕ್ಕದಲ್ಲಿ, ಗಂಟಾಗದಂತೆ ಕಲಸುತ್ತಾ ಸೇರಿಸು. ತಟ್ಟೆಯ ರಸದಲ್ಲಿ ಉಪ್ಪಿದ್ದೇ ಇರುವುದರಿಂದ ರುಚಿ ನೋಡದೆ ಉಪ್ಪು ಹಾಕಬೇಡ. ಕೊಯ್ಯುವಾಗ ಎದೆಯ ಒಂದೊಂದು ಪಾಲನ್ನೂ ಮೂಳೆಯಿಂದ ಇಡಿಯಾಗಿ ಬಿಡಿಸಿ, ಆಮೇಲೆ ಎಳೆಗಳಿಗೆ ಅಡ್ಡಲಾಗಿ ಹೆಚ್ಚು. ಆಗ ಪ್ರತಿ ತುಂಡಿನಲ್ಲೂ ಗರಿಗರಿ ಚರ್ಮದ ಅಂಚೊಂದು ಉಳಿಯುತ್ತದೆ, ಅಗಿಯಲೂ ಮೃದುವಾಗಿರುತ್ತದೆ.

ಹಕ್ಕಿಯನ್ನು ಓವನ್ನಿನಿಂದ ತೆಗೆದ ಎರಡು ಗಂಟೆಯೊಳಗೆ ಉಳಿದದ್ದನ್ನು ಮೂಳೆಯಿಂದ ಬಿಡಿಸಿ ಫ್ರಿಜ್‌ಗೆ ಸೇರಿಸು, ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ. ಇಷ್ಟೆಲ್ಲ ಓದಿ ಧೈರ್ಯಗೆಡಬೇಡ. ಈ ನೆಲದಲ್ಲೇ ಹುಟ್ಟಿ ಬೆಳೆದವರಿಗೂ ಟರ್ಕಿ ಸುಲಭವಲ್ಲ, ಆದ್ದರಿಂದಲೇ ಬಟರ್‌ಬಾಲ್ ಕಂಪನಿಯವರು ಹಬ್ಬದ ದಿನಗಳಲ್ಲಿ ಸಂಶಯ ಪರಿಹರಿಸಲೆಂದು 1981ರಿಂದ ಒಂದು ದೂರವಾಣಿ ಸೇವೆಯನ್ನೇ ನಡೆಸುತ್ತಿದ್ದಾರೆ. ನಿನಗೆ ಆ ಸಾಲಿನಲ್ಲಿ ಕಾಯುವ ಅಗತ್ಯವಿಲ್ಲ. ಗುರುವಾರ ಬೆಳಗಿನಿಂದ ನಾನೂ ಅಡುಗೆಮನೆಯಲ್ಲೇ ಇರುತ್ತೇನೆ. ಥರ್ಮಾಮೀಟರಿನ ಅಂಕಿ ನೋಡಿ ಏನು ಮಾಡಬೇಕೆಂದು ತೋಚದಿದ್ದರೆ ಕೂಡಲೇ ಫೋನ್ ಮಾಡು.

ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ತಿಳಿಸು, ಮಕ್ಕಳಿಗೆ ಆಶೀರ್ವಾದ.

ಇಂತಿ,
ನಿನ್ನ ಗೆಳೆಯ